ಕಡಲಾಚೆಯ ಚಳಿಯೂ ಊರಿನ ಮುಲಾಮೂ

ವಿದೇಶಕ್ಕೆ ಹೊರಟ ವಿದ್ಯಾರ್ಥಿಯ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ನಮ್ಮ ವಿಜ್ಞಾನ ಶಿಕ್ಷಣ ಎಷ್ಟರ ಮಟ್ಟಿಗೆ ಫಲಿಸಿದೆ ಎಂಬುದು ತಿಳಿಯುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಪ್ರೆಷರ್ ಕುಕ್ಕರುಗಳ ನಡುವೆ ಔಷಧದ ಚೀಲವೊಂದು ಇದ್ದೇ ಇರುತ್ತದೆ. ಅದರಲ್ಲಿ ಜ್ವರದ ಮಾತ್ರೆಗಳ ಜತೆಗೆ ನಾಲ್ಕಾರು ಮುಲಾಮಿನ ಟ್ಯೂಬುಗಳು. ಯಾವುದರಲ್ಲಿ ಏನಿದೆ ಎಂದು ಕೇಳಿದರೆ, ‘ಇದು ನವೆಗೆ, ಇದು ಹುಳುಕಡ್ಡಿಗೆ, ಇದು ಎಲ್ಲಕ್ಕೂ’ ಎಂಬ ಉತ್ತರ ಬರುತ್ತದೆ. ಎಂಜಿನಿಯರಿಂಗಿನಲ್ಲಿಯೋ ರಸಾಯನಶಾಸ್ತ್ರದಲ್ಲಿಯೋ ಪದವಿ ಪಡೆದವನು ಕೊಡುವ ಉತ್ತರ ಇದು. ಇದನ್ನು ಕೇಳಿ ನಕ್ಕು ಸುಮ್ಮನಾಗುವುದು ಸುಲಭ. ಆದರೆ ಆ ‘ಎಲ್ಲಕ್ಕೂ’ ಎಂಬ ಟ್ಯೂಬು ನಗುವಂಥ ವಸ್ತುವಲ್ಲವೆಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ಪೂರ್ವಕ್ಕಿರುವ ವಿಮಾನಪುರಕ್ಕೆ ಇಂಥ ಪೆಟ್ಟಿಗೆಗಳು ಹೊಸವಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಹುಟ್ಟಿದ ಊರು ಇದು. ಕಾರ್ಖಾನೆಯ ತಂತ್ರಜ್ಞರು ತರಬೇತಿಗಾಗಿ ಹೊರದೇಶಗಳಿಗೆ ಹೋಗಿಬಂದ ಕಾಲವೊಂದಿತ್ತು. ಈಗ ಅಂಥವರ ಮೊಮ್ಮಕ್ಕಳು ಉಚ್ಚ ಶಿಕ್ಷಣಕ್ಕಾಗಿ ಜರ್ಮನಿ, ಇಂಗ್ಲೆಂಡ್, ಕೆನಡಾಗಳಿಗೂ, ಉದ್ಯೋಗಕ್ಕಾಗಿ ದುಬೈ, ಕತಾರ್‌ಗಳಿಗೂ ಹೊರಡುತ್ತಾರೆ. 2008ರ ಮೇ ತಿಂಗಳವರೆಗೆ ಮನೆಯ ಪಕ್ಕದಿಂದಲೇ ವಿಮಾನ ಹತ್ತುವ ಭಾಗ್ಯವಿತ್ತು. ಈಗ ದೇವನಹಳ್ಳಿಯವರೆಗೆ ಹೋಗಬೇಕು. ಹೊರಡುವ ಹಿಂದಿನ ದಿನ ಔಷಧದಂಗಡಿಗೆ ಹೋಗಿ ಚೀಲ ತುಂಬಿಸಿಕೊಳ್ಳುವ ಪದ್ಧತಿ ಮಾತ್ರ ಬದಲಾಗಿಲ್ಲ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೆ ಪರದೇಶದಲ್ಲಿ ನಮ್ಮ ತರುಣರ ಚರ್ಮಕ್ಕೆ ಒದಗುವ ಸಣ್ಣಪುಟ್ಟ ತೊಂದರೆಗಳಲ್ಲಿ ಬಹುಪಾಲು ಮೊದಲು ಭೌತವಿಜ್ಞಾನದ ವಿಷಯ, ಅನಂತರ ವೈದ್ಯದ ವಿಷಯ. ಆದುದರಿಂದ ಈ ಮಾತನ್ನು ಆಡುವ ಅಧಿಕಾರ ನಮಗೆ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸುತ್ತೇವೆ.

ಮೊದಲು ಚಳಿದೇಶದ ಕಥೆಯನ್ನು ನೋಡೋಣ. ನವೆಂಬರ್ ಕಳೆಯುವ ಹೊತ್ತಿಗೆ ವಿದ್ಯಾರ್ಥಿಯ ಮೊಣಕಾಲ ಕೆಳಗಿನ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ರಾತ್ರಿ ಹೊದಿಕೆಯೊಳಗೆ ಸೇರಿದೊಡನೆ ನವೆ ಆರಂಭವಾಗುತ್ತದೆ. ‘ಇಲ್ಲಿಯ ನೀರು ಒಗ್ಗಲಿಲ್ಲ’ ಎಂದು ಅವನು ತಾಯಿಗೆ ಫೋನು ಮಾಡುತ್ತಾನೆ. ಹೊರಗೆ ಮಂಜು, ಮಳೆ, ಹಿಮ. ಗಾಳಿಯಲ್ಲಿ ತೇವಕ್ಕೆ ಏನು ಕೊರತೆ ಎಂದು ಮನೆಯವರಿಗೂ ಆಶ್ಚರ್ಯ.

ಕೊರತೆ ಇರುವುದು ಹೊರಗಲ್ಲ, ಒಳಗೆ. ಗಾಳಿ ಎಷ್ಟು ನೀರಾವಿಯನ್ನು ಹಿಡಿಯಬಲ್ಲುದೆಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ ಎಂದು ಹೈಸ್ಕೂಲಿನಲ್ಲಿಯೇ ಓದಿರುತ್ತೇವೆ. ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 4.8 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 22 ಡಿಗ್ರಿಯಲ್ಲಿ ಈ ಪ್ರಮಾಣ ಸುಮಾರು 19.4 ಗ್ರಾಂ. ಲಂಡನ್ನಿನಲ್ಲಿ ಉಷ್ಣತೆ ಸೊನ್ನೆಗೆ ಇಳಿದಿದೆ, ಸಾಪೇಕ್ಷ ಆರ್ದ್ರತೆ ಶೇಕಡ 80 ಇದೆ ಎಂದಿಟ್ಟುಕೊಳ್ಳಿ. ಆಗ ಒಂದು ಘನ ಮೀಟರಿನಲ್ಲಿ ಇರುವ ಆವಿ ಸುಮಾರು 3.9 ಗ್ರಾಂ. ಇದೇ ಗಾಳಿ ಕಿಟಕಿಯ ಸಂದಿಯಿಂದ ಕೋಣೆಯೊಳಗೆ ಬಂದು, ಬಿಸಿನೀರಿನ ಕೊಳವೆಗಳಿಂದ 22 ಡಿಗ್ರಿಗೆ ಕಾಯಿತು. ಆವಿ ಹೆಚ್ಚಲಿಲ್ಲ, ಹಿಡಿಯುವ ಶಕ್ತಿ ಮಾತ್ರ ನಾಲ್ಕು ಪಟ್ಟಾಯಿತು. 3.9ನ್ನು 19.4ರಿಂದ ಭಾಗಿಸಿದರೆ ಶೇಕಡ 20. ಟೊರಾಂಟೊದಂಥ ಊರಿನಲ್ಲಿ ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ದಿನ ಇದೇ ಲೆಕ್ಕ ಮಾಡಿದರೆ ಶೇಕಡ 10ರ ಹತ್ತಿರ ಬರುತ್ತದೆ. ಕೋಣೆಯಲ್ಲಿರುವವರ ಉಸಿರು, ಅಡಿಗೆಯ ಹಬೆ, ಒಣಹಾಕಿದ ಬಟ್ಟೆ ಇವುಗಳಿಂದ ಅಂಕಿ ಸ್ವಲ್ಪ ಮೇಲೇರುವುದು ನಿಜ. ಆದರೂ ಮಾರ್ಚ್ ತಿಂಗಳ ಮಧ್ಯಾಹ್ನ ಬೆಂಗಳೂರಿನ ಆರ್ದ್ರತೆ ಶೇಕಡ 30ರ ಆಸುಪಾಸಿಗೆ ಇಳಿದಾಗಲೇ ನಮ್ಮ ತುಟಿ ಒಣಗುತ್ತದೆಂಬುದನ್ನು ನೆನೆದರೆ, ತಿಂಗಳುಗಟ್ಟಲೆ ಅದಕ್ಕಿಂತ ಒಣಗಿದ ಕೋಣೆಯಲ್ಲಿ ವಾಸಿಸುವ ಚರ್ಮದ ಪಾಡನ್ನು ಊಹಿಸಬಹುದು.

ಇನ್ನೊಂದು ಬಗೆಯಿಂದಲೂ ಇದನ್ನು ಅಳೆಯಬಹುದು. ಚರ್ಮದ ಮೇಲ್ಮೈ ಸುಮಾರು 32 ಡಿಗ್ರಿ ಉಷ್ಣತೆಯಲ್ಲಿರುತ್ತದೆ. ಆ ಉಷ್ಣತೆಯಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ ಪಾದರಸದ 36 ಮಿಲಿಮೀಟರ್. ನಮ್ಮ ಊರಿನ ಮಳೆಗಾಲದಲ್ಲಿ, 24 ಡಿಗ್ರಿ ಉಷ್ಣತೆ ಮತ್ತು ಶೇಕಡ 80 ಆರ್ದ್ರತೆಯ ಗಾಳಿಯಲ್ಲಿ, ಆವಿಯ ಒತ್ತಡ 18 ಮಿಲಿಮೀಟರ್. ಲಂಡನ್ನಿನ ಆ ಕೋಣೆಯಲ್ಲಿ ಕೇವಲ 4. ಒಣಗಿಸುವ ಸೆಳೆತ ಇಲ್ಲಿ 18, ಅಲ್ಲಿ 32. ಚರ್ಮವೇನೂ ತೆರೆದಿಟ್ಟ ನೀರಿನ ತಟ್ಟೆಯಲ್ಲ; ನಷ್ಟವೂ ಇದೇ ಪ್ರಮಾಣದಲ್ಲಿ ಹೆಚ್ಚುತ್ತದೆಂದು ಹೇಳಲಾಗದು. ಗಾಳಿ ಯಾವ ಕಡೆಗೆ ಎಳೆಯುತ್ತಿದೆ ಎಂಬುದನ್ನು ತಿಳಿಯಲು ಈ ಅಂಕಿಗಳು ಸಾಕು.

ಈ ಸೆಳೆತವನ್ನು ತಡೆದು ನಿಲ್ಲುವುದು ಚರ್ಮದ ಅತ್ಯಂತ ಹೊರಗಿನ ಪದರ. ದೇಹದ ಬಹುಭಾಗದಲ್ಲಿ ಇದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಂತೆಯೂ, ಅವುಗಳ ನಡುವಣ ಕೊಬ್ಬಿನಂಥ ದ್ರವ್ಯಗಳು ಗಾರೆಯಂತೆಯೂ ಇವೆ ಎಂದು ಚರ್ಮವಿಜ್ಞಾನಿಗಳು ಹೇಳುವುದುಂಟು. ಇಷ್ಟು ತೆಳುವಾದ ಗೋಡೆಯಿದ್ದೂ ಬೆವರನ್ನು ಬಿಟ್ಟು ಚರ್ಮದಿಂದ ದಿನಕ್ಕೆ ಹೊರಬೀಳುವ ನೀರು ಸುಮಾರು 300–400 ಮಿಲಿಲೀಟರ್ ಮಾತ್ರವೆಂಬುದು ಗೋಡೆ ಕಟ್ಟಿದ ಕೈಯ ಹೆಚ್ಚುಗಾರಿಕೆ. ಒಣಗಾಳಿ ಇಟ್ಟಿಗೆಯ ನೀರನ್ನು ಹೀರುತ್ತದೆ. ಹಳೆಯ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಉದುರಿಸುವ ಕಿಣ್ವಗಳಿಗೆ ಕೆಲಸ ಮಾಡಲು ನೀರು ಬೇಕು. ನೀರಿಲ್ಲದಾಗ ಅವು ಸುಮ್ಮನಾಗುತ್ತವೆ. ಕೋಶಗಳು ಕಣ್ಣಿಗೆ ಕಾಣದಂತೆ ಉದುರುವ ಬದಲು ಹಾಳೆಹಾಳೆಯಾಗಿ ಏಳುತ್ತವೆ. ಮೊಣಕಾಲ ಕೆಳಗೆ ಕಾಣುವ ‘ಬೂದಿ’ ಇದೇ.

ಚಳಿಗೆ ಹೆದರಿದ ವಿದ್ಯಾರ್ಥಿ ಈಗ ಏನು ಮಾಡುತ್ತಾನೆ? ಸ್ನಾನದ ಮನೆಯಲ್ಲಿ ಸುಡುವ ನೀರಿನ ಕೆಳಗೆ ಅರ್ಧ ಗಂಟೆ ನಿಲ್ಲುತ್ತಾನೆ, ನವೆಯಿದೆಯೆಂದು ಎರಡು ಸಲ ಸೋಪು ಹಚ್ಚಿ ಉಜ್ಜುತ್ತಾನೆ. ಬಿಸಿನೀರೂ ಸೋಪೂ ಸೇರಿ ಗಾರೆಯನ್ನು ಕರಗಿಸಿ ಒಯ್ಯುತ್ತವೆ. ಲಂಡನ್ನಿನ ನೀರು ಗಡಸು. ಅದರ ಕ್ಯಾಲ್ಸಿಯಂ ಸೋಪಿನೊಡನೆ ಕೂಡಿ ಕರಗದ ಗಸಿಯಾಗಿ ಚರ್ಮದ ಮೇಲೆ ಉಳಿಯುತ್ತದೆ. ವಿಮಾನಪುರದ ಸುತ್ತಲಿನ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಮಿಂದವರಿಗೆ ಈ ಅನುಭವ ಹೊಸದೇನೂ ಅಲ್ಲ. ‘ನೀರು ಒಗ್ಗಲಿಲ್ಲ’ ಎಂಬ ಮಾತಿನಲ್ಲಿ ಇಷ್ಟರಮಟ್ಟಿಗೆ ಸತ್ಯವುಂಟು.

ಇದಕ್ಕೆ ಪರಿಹಾರ ಅಗ್ಗವಾದುದು. ನೀರು ಬೆಚ್ಚಗಿದ್ದರೆ ಸಾಕು, ಸುಡಬೇಕಾಗಿಲ್ಲ. ಸ್ನಾನ ಹತ್ತು ನಿಮಿಷಕ್ಕೆ ಮುಗಿಯಲಿ. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಮೈ ಒರೆಸಿಕೊಂಡು ಮೂರು ನಾಲ್ಕು ನಿಮಿಷಗಳೊಳಗೆ, ಚರ್ಮದಲ್ಲಿ ತೇವವಿರುವಾಗಲೇ, ಜಿಡ್ಡಿನ ಪದಾರ್ಥವೊಂದನ್ನು ತೆಳ್ಳಗೆ ಹಚ್ಚಬೇಕು. ಜಿಡ್ಡು ನೀರನ್ನು ಕೊಡುವುದಿಲ್ಲ. ಇರುವ ನೀರು ಹಾರಿಹೋಗದಂತೆ ಮುಚ್ಚಳವಾಗುತ್ತದೆ. ಆದುದರಿಂದಲೇ ಒಣಗಿದ ಚರ್ಮಕ್ಕೆ ಹಚ್ಚುವುದಕ್ಕಿಂತ ತೇವದ ಚರ್ಮಕ್ಕೆ ಹಚ್ಚುವುದು ಮೇಲು. ಸುಗಂಧವಿಲ್ಲದ ಪೆಟ್ರೋಲಿಯಂ ಜೆಲ್ಲಿ ಈ ಕೆಲಸದಲ್ಲಿ ಎಣೆಯಿಲ್ಲದ್ದು. ಅಮೆರಿಕದ ಎಣ್ಣೆಬಾವಿಗಳ ಯಂತ್ರಗಳಿಗೆ ಅಂಟುತ್ತಿದ್ದ ಮೇಣದಂಥ ಕಶ್ಮಲವನ್ನು ಕೆಲಸಗಾರರು ಗಾಯಗಳಿಗೆ ಸವರಿಕೊಳ್ಳುವುದನ್ನು ಕಂಡು, ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಜ್ಞನು ಅದನ್ನು ಶುದ್ಧಿಮಾಡಿ 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಿಂದ ಪೇಟೆಂಟ್ ಪಡೆದನು. ಇಂದಿಗೂ ಇದನ್ನು ಮೀರಿಸಿದ ಮುಚ್ಚಳಗಳು ವಿರಳ. ದುಬಾರಿ ಡಬ್ಬಿಗಳಲ್ಲಿ ಬರುವ ಅನೇಕ ಲೇಪಗಳ ಒಡಲಲ್ಲಿಯೂ ಇದೇ ಇರುತ್ತದೆ.

ಕೊಬ್ಬರಿ ಎಣ್ಣೆಯನ್ನು ಬಿಡಬೇಕೆ ಎಂದು ಯಾರಾದರೂ ಕೇಳಬಹುದು. ಬಿಡಬೇಕಾಗಿಲ್ಲ. ಅದು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿದೇಶದಲ್ಲಿ ಸೀಸೆಯಿಂದ ಹೊರಬರಲು ಹಟಮಾಡುತ್ತದೆ, ಅಷ್ಟೆ. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ದರೆ ಆಯಿತು. ಆದರೆ ನಮ್ಮ ಅಭ್ಯಂಜನದ ಕ್ರಮವೇನು? ಮೊದಲು ಎಣ್ಣೆ, ಅನಂತರ ಬಿಸಿನೀರು, ಸೀಗೆಪುಡಿ ಹಾಕಿ ಎಣ್ಣೆಯೆಲ್ಲ ಹೋಗುವವರೆಗೆ ಉಜ್ಜುವುದು. ನಮ್ಮ ಹವೆಗೆ ಇದು ಸೊಗಸಾದ ಪದ್ಧತಿ. ಶೇಕಡ 20ರ ಆರ್ದ್ರತೆಯಲ್ಲಿ ಕ್ರಮ ತಿರುಗಬೇಕು: ಮೊದಲು ನೀರು, ಅನಂತರ ಎಣ್ಣೆ. ಅಜ್ಜಿ ಒಪ್ಪದಿದ್ದರೆ ಮೇಲಿನ ಲೆಕ್ಕವನ್ನು ಅವರಿಗೆ ವಿವರಿಸಬಹುದು. ಬಹುಮಟ್ಟಿಗೆ ಅಜ್ಜಿಯರು ಮೊಮ್ಮಕ್ಕಳಿಗಿಂತ ಬೇಗ ಇಂಥದನ್ನು ಗ್ರಹಿಸುತ್ತಾರೆ.

ಕೊಲ್ಲಿಯ ನಾಡುಗಳಿಗೆ ಹೋದವರ ಕಷ್ಟ ಬೇರೆ. ಅಲ್ಲಿ ಬೇಸಗೆಯಲ್ಲಿ 40 ಡಿಗ್ರಿಯ ಮೇಲಿನ ಬಿಸಿಲು, ಕಡಲಿನ ತೇವ. ಬೆವರು ಆರದೆ ಚರ್ಮ ನೆನೆದು, ಬೆವರಿನ ನಾಳಗಳ ಬಾಯಿ ಮುಚ್ಚಿ ಬೆವರುಸಾಲೆ ಏಳುತ್ತದೆ. ಬಾಗಿಲು ತೆರೆದು ಒಳಗೆ ಬಂದರೆ ಹವಾನಿಯಂತ್ರಣ. ತಣ್ಣನೆಯ ಸುರುಳಿಯ ಮೇಲೆ ಆವಿ ಹನಿಯಾಗಿ ಇಳಿದುಹೋಗಿರುವುದರಿಂದ ಒಳಗಿನ ಗಾಳಿ ಒಣ. ಒಂದೇ ದಿನದಲ್ಲಿ ಚರ್ಮ ಎರಡು ಹವೆಗಳನ್ನು ಅನುಭವಿಸಬೇಕಾಗುತ್ತದೆ. ಸಡಿಲವಾದ ಹತ್ತಿಯ ಉಡುಪು, ಬೆವರಿದ ಬಟ್ಟೆಯನ್ನು ಕೂಡಲೆ ಬದಲಿಸುವುದು, ತಣ್ಣೀರ ಸ್ನಾನ: ಬೆವರುಸಾಲೆಗೆ ಬೇಕಾದುದು ಹೆಚ್ಚುಕಡಮೆ ಇಷ್ಟೆ.

ಇನ್ನು ‘ಎಲ್ಲಕ್ಕೂ’ ಎಂಬ ಟ್ಯೂಬಿನ ವಿಷಯ. ನಾವು ಈ ಲೇಖನಕ್ಕೆ ಕೈಹಾಕಿದುದೇ ಇದಕ್ಕಾಗಿ.

ತೊಡೆಸಂದಿನಲ್ಲಿ, ಸೊಂಟದಲ್ಲಿ ಉಂಗುರದಾಕಾರವಾಗಿ ಹರಡುವ ನವೆಯನ್ನು ನಾವು ಹುಳುಕಡ್ಡಿ ಎನ್ನುತ್ತೇವೆ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನ ಕೆಲಸವಲ್ಲ, ಒಂದು ಬಗೆಯ ಶಿಲೀಂಧ್ರದ ಕೆಲಸ. ಅಂಗಡಿಯಲ್ಲಿ ಇದಕ್ಕೆಂದು ಸಿಕ್ಕುವ ಎಷ್ಟೋ ಮುಲಾಮುಗಳಲ್ಲಿ ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ, ಜತೆಗೆ ಕ್ಲೊಬೆಟಸಾಲ್‌ನಂಥ ಅತಿ ಪ್ರಬಲವಾದ ಸ್ಟೆರಾಯ್ಡ್ ಮೂರನ್ನೂ ಒಟ್ಟುಗೂಡಿಸಿರುತ್ತಾರೆ. ಸ್ಟೆರಾಯ್ಡಿನ ಕೆಲಸ ಉರಿಯೂತವನ್ನು ಅಡಗಿಸುವುದು. ಹಚ್ಚಿದ ಎರಡು ದಿನದಲ್ಲಿ ನವೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ; ರೋಗ ಗುಣವಾಯಿತೆಂದು ಟ್ಯೂಬನ್ನು ಎತ್ತಿಡುತ್ತಾರೆ. ನಿಜವಾಗಿ ಆದುದೇನು? ಆ ನವೆ ಮತ್ತು ಕೆಂಪು ಶಿಲೀಂಧ್ರದ ವಿರುದ್ಧ ದೇಹ ನಡೆಸುತ್ತಿದ್ದ ಹೋರಾಟದ ಕುರುಹು. ಕಳ್ಳನನ್ನು ಹಿಡಿಯದೆ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ ಆಯಿತು. ಶಿಲೀಂಧ್ರ ನಿರಾತಂಕವಾಗಿ ಹರಡಿ, ಕೆಲವು ವಾರಗಳಲ್ಲಿ ಗುರುತೇ ಸಿಗದ ರೂಪದಲ್ಲಿ ಮರಳುತ್ತದೆ. ಐವ್ ಮತ್ತು ಮಾರ್ಕ್ಸ್ ಎಂಬ ಬ್ರಿಟಿಷ್ ವೈದ್ಯರು 1968ರಲ್ಲಿಯೇ ಈ ವೇಷಾಂತರವನ್ನು ವರ್ಣಿಸಿ ‘ಟೀನಿಯ ಇನ್‌ಕಾಗ್ನಿಟೊ’, ಎಂದರೆ ಮಾರುವೇಷದ ಹುಳುಕಡ್ಡಿ, ಎಂದು ಹೆಸರಿಟ್ಟರು. ಬಹುಕಾಲ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುವುದು, ತೊಡೆಗಳಲ್ಲಿ ಮಾಯದ ಗೀರುಗಳು ಬೀಳುವುದು, ಮುಖಕ್ಕೆ ಹಚ್ಚಿದವರಲ್ಲಿ ಮೊಡವೆ ಮತ್ತು ಕೂದಲು ಏಳುವುದು ಇವೆಲ್ಲ ಬೇರೆ. ಹದಿಹರೆಯದವರು ಮುಖ ಬೆಳ್ಳಗಾಗಲೆಂದು ಇಂಥ ಮುಲಾಮನ್ನು ಹಚ್ಚುವ ಹುಚ್ಚಿನ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕಾದೀತು.

ಈ ಕಥೆ ಭಾರತದ ಗಡಿಯೊಳಗೇ ಉಳಿದಿಲ್ಲ. ಜಪಾನಿನಲ್ಲಿ ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಚರ್ಮದಿಂದ ಬೇರ್ಪಡಿಸಿದ ಒಂದು ಶಿಲೀಂಧ್ರವನ್ನು 2020ರಲ್ಲಿ ಹೊಸ ಪ್ರಭೇದವೆಂದು ಘೋಷಿಸಲಾಯಿತು. ಹೆಸರು ಟ್ರೈಕೊಫೈಟಾನ್ ಇಂಡೋಟೀನಿಯೆ. ನಮ್ಮ ದೇಶದ ಹೆಸರನ್ನು ವಿಜ್ಞಾನದಲ್ಲಿ ಶಾಶ್ವತಗೊಳಿಸಲು ಇನ್ನೂ ಒಳ್ಳೆಯ ದಾರಿಗಳಿದ್ದುವು! ಹುಳುಕಡ್ಡಿಗೆ ವೈದ್ಯರು ನೆಚ್ಚಿಕೊಂಡಿದ್ದ ಟರ್ಬಿನಫಿನ್ ಎಂಬ ಔಷಧಕ್ಕೆ ಈ ಶಿಲೀಂಧ್ರ ಅನೇಕ ವೇಳೆ ಜಗ್ಗುವುದಿಲ್ಲ. ಔಷಧ ಹಿಡಿಯಬೇಕಾದ ಕಿಣ್ವದ ಜೀನಿನಲ್ಲಿಯೇ ಬದಲಾವಣೆಯಾಗಿಬಿಟ್ಟಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ನ್ಯೂಯಾರ್ಕ್ ನಗರದ ಇಬ್ಬರು ಮಹಿಳೆಯರಲ್ಲಿ ಈ ಸೋಂಕನ್ನು ವರದಿಮಾಡಿತು. ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿಬಂದಿದ್ದರು. ಇನ್ನೊಬ್ಬರು ಇತ್ತೀಚೆಗೆ ಯಾವ ಹೊರದೇಶಕ್ಕೂ ಹೋದವರಲ್ಲ. ಎಂದರೆ ಶಿಲೀಂಧ್ರ ಆಗಲೇ ಅಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತೆಂದು ಊಹಿಸಬೇಕಾಗುತ್ತದೆ. ಮಿಶ್ರ ಮುಲಾಮುಗಳ ಅವಿವೇಕದ ಬಳಕೆ ಇಂಥ ಹಟಮಾರಿ ಹುಳುಕಡ್ಡಿ ನಮ್ಮಲ್ಲಿ ಹಬ್ಬಲು ಮುಖ್ಯ ಕಾರಣಗಳಲ್ಲೊಂದೆಂದು ಭಾರತದ ಚರ್ಮವೈದ್ಯರು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರವು ಹದಿನಾಲ್ಕು ಬಗೆಯ ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಕಾನೂನು ಇದೆ, ಚೀಟಿಯಿಲ್ಲದೆ ಕೇಳುವವರೂ ಇದ್ದಾರೆ, ಕೊಡುವವರೂ ಇದ್ದಾರೆ. ಕೇಳುವವರಲ್ಲಿ ನಮ್ಮ ಪದವೀಧರರು ಇರಬಾರದೆಂಬುದಷ್ಟೆ ನಮ್ಮ ವಾದ.

‘ಅಲ್ಲಿ ವೈದ್ಯರನ್ನು ಕಾಣುವುದು ಕಷ್ಟ, ಖರ್ಚೂ ಹೆಚ್ಚು; ಅದಕ್ಕಾಗಿಯೇ ಒಯ್ಯುತ್ತೇವೆ’ ಎಂದು ಹೇಳುವವರುಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೆಲವು ದೇಶಗಳಲ್ಲಿ ವಾರಗಟ್ಟಲೆ ಕಾಯಬೇಕಾಗುವುದೂ ನಿಜ. ಆದರೆ ಬ್ರಿಟನ್ನಿಗೆ ಆರು ತಿಂಗಳಿಗೂ ಹೆಚ್ಚಿನ ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿ 2015ರಿಂದ ವೀಸಾದ ಜತೆಗೇ ಆರೋಗ್ಯದ ಶುಲ್ಕವನ್ನೂ ಮುಂಗಡವಾಗಿ ಕಟ್ಟಬೇಕಾಗಿದೆ. ಹಣ ಕೊಟ್ಟಾಗಿದೆ, ಊರು ಸೇರಿದ ಮೊದಲ ವಾರದಲ್ಲಿ ಹತ್ತಿರದ ವೈದ್ಯರ ಬಳಿ ಹೆಸರು ಬರೆಸುವುದೊಂದೇ ಬಾಕಿ. ಅದನ್ನು ಮಾಡದೆ, ಅಮ್ಮ ಕಳಿಸಿದ ಟ್ಯೂಬನ್ನು ಹಿಂಡುತ್ತ ಕೂರುವುದು ಯಾವ ಜಾಣತನ? ಅಲ್ಲಿಯ ಔಷಧದಂಗಡಿಯ ಫಾರ್ಮಸಿಸ್ಟರು ಸಲಹೆಗೆ ದುಡ್ಡು ಕೇಳುವುದಿಲ್ಲ; ಸಾಧಾರಣ ಹುಳುಕಡ್ಡಿಗೆ ಬೇಕಾದ ಕ್ಲೊಟ್ರಿಮಾಜೋಲ್ ಚೀಟಿಯಿಲ್ಲದೆ ದೊರೆಯುತ್ತದೆ. ಅದನ್ನು ನವೆ ನಿಂತ ಮೇಲೂ ಅವರು ಹೇಳಿದಷ್ಟು ದಿನ ಬಿಡದೆ ಹಚ್ಚಬೇಕು. ಎರಡು ವಾರದಲ್ಲಿ ತಗ್ಗದಿದ್ದರೆ, ಜ್ವರ ಬಂದರೆ, ಊದಿ ಬಿಸಿಯಾಗಿ ಹರಡಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ರಾತ್ರಿ ನವೆ ಹೆಚ್ಚಾಗಿ, ಕೋಣೆಯ ಜತೆಗಾರರೂ ಕೆರೆದುಕೊಳ್ಳತೊಡಗಿದರೆ ಅದು ಕಜ್ಜಿಯಿರಬಹುದು. ಅದಕ್ಕೆ ಒಟ್ಟಿಗಿರುವವರೆಲ್ಲ ಒಂದೇ ದಿನ ಔಷಧ ಹಚ್ಚಬೇಕು; ನಾಚಿಕೆಯಿಂದ ಒಬ್ಬರೇ ಗುಟ್ಟಾಗಿ ಹಚ್ಚಿದರೆ ಪ್ರಯೋಜನವಿಲ್ಲ.

ವೈದ್ಯರಲ್ಲಿಗೆ ಹೋದ ಮೇಲೆ ಮತ್ತೊಂದು ಸಮಸ್ಯೆ. ಪಾಶ್ಚಾತ್ಯ ವೈದ್ಯಗ್ರಂಥಗಳಲ್ಲಿ ಚರ್ಮರೋಗಗಳ ಚಿತ್ರಗಳು ಬಹುಪಾಲು ಬಿಳಿಯ ಚರ್ಮದವು. ಅಲ್ಲಿ ‘ಕೆಂಪು’ ಎಂದು ವರ್ಣಿಸಿದ ಮಚ್ಚೆ ನಮ್ಮ ಕಂದು ಮೈಯಲ್ಲಿ ನೇರಳೆಯಾಗಿಯೋ ಬೂದುಬಣ್ಣವಾಗಿಯೋ, ಬರಿಯ ಕಪ್ಪು ಕಲೆಯಾಗಿಯೋ ಕಾಣಬಹುದು. ಈ ಕೊರತೆಯನ್ನು ಗುರುತಿಸಿದವನು ಲಂಡನ್ನಿನ ಸೇಂಟ್ ಜಾರ್ಜ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ. ತನ್ನ ಇಬ್ಬರು ಬೋಧಕರೊಡನೆ ಸೇರಿ 2020ರಲ್ಲಿ ಅವನು ಕಪ್ಪು ಮತ್ತು ಕಂದು ಚರ್ಮದಲ್ಲಿ ರೋಗಲಕ್ಷಣಗಳು ಹೇಗೆ ಕಾಣುತ್ತವೆಂದು ತೋರಿಸುವ ಕೈಪಿಡಿಯೊಂದನ್ನು ಹೊರತಂದನು. ಪಾಠದಲ್ಲಿ ತೋರಿಸಿದ ಚಿಹ್ನೆ ತನ್ನಂಥವರ ಮೈಮೇಲೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ, ಕೇಳಿಸಿಕೊಂಡವರಿಗೆ ತೀರ ಸಣ್ಣದಾಗಿ ತೋರಿರಬಹುದು, ಪ್ರಶ್ನೆ ಪುಸ್ತಕವಾಯಿತು. ನಮ್ಮ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಇಂಥದೊಂದನ್ನು ಕನ್ನಡದಲ್ಲಿ ಏಕೆ ಮಾಡಬಾರದು? ಕಂದು ಚರ್ಮದ ರೋಗಿಗಳಿಗೆ ನಮ್ಮಲ್ಲಿ ಬರವೇನೂ ಇಲ್ಲ.

ಮಾತಿನ ತೊಡಕೂ ಉಂಟು. ನವೆ, ಉರಿ, ಚುಚ್ಚು, ಜುಮ್ಮೆನ್ನುವುದು ಇವು ಬೇರೆ ಬೇರೆಯೆಂದು ಕನ್ನಡದಲ್ಲಿ ಬೆಳೆದ ಪ್ರತಿಯೊಬ್ಬನಿಗೂ ಗೊತ್ತು. ಭೌತವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿತ ನಮ್ಮ ವಿದ್ಯಾರ್ಥಿ ತನ್ನ ಮೈಯನ್ನು ಮಾತ್ರ ಕನ್ನಡದಲ್ಲಿಯೇ ಕಲಿತಿರುತ್ತಾನೆ. ವೈದ್ಯರ ಮುಂದೆ ಕುಳಿತಾಗ ಇವೆಲ್ಲಕ್ಕೂ ಒಂದೇ ಇಂಗ್ಲಿಷ್ ಪದ ಬಾಯಿಗೆ ಬರುತ್ತದೆ. ಆದುದರಿಂದ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು: ಯಾವ ದಿನ ಆರಂಭವಾಯಿತು, ಮೊದಲು ಎಲ್ಲಿ ಕಾಣಿಸಿತು, ಎತ್ತ ಹರಡಿತು, ರಾತ್ರಿ ಹೆಚ್ಚೋ ಸ್ನಾನವಾದ ಮೇಲೆ ಹೆಚ್ಚೋ, ಏನೇನು ಹಚ್ಚಿಯಾಯಿತು. ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಬರೆದವರಿಗೆ ಇದು ಕಷ್ಟದ ಕೆಲಸವಲ್ಲ. ಆರಂಭವಾದ ದಿನವೇ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಮೇಲು, ಏಕೆಂದರೆ ವೈದ್ಯರ ಭೇಟಿ ದೊರೆಯುವ ಹೊತ್ತಿಗೆ ಚಿಹ್ನೆ ಬದಲಾಗಿರಬಹುದು.

ಊರಿನಿಂದ ತಂದ ಟ್ಯೂಬನ್ನು ಬಚ್ಚಿಡದೆ ವೈದ್ಯರಿಗೆ ತೋರಿಸತಕ್ಕದ್ದು. ಅದಕ್ಕೂ ಮೊದಲು, ಇನ್ನೂ ವಿಮಾನಪುರದ ಅಂಗಡಿಯ ಕಟ್ಟೆಯ ಮುಂದೆ ನಿಂತಿರುವಾಗಲೇ, ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಸಣ್ಣ ಅಕ್ಷರದ ಪಟ್ಟಿಯನ್ನು ಓದಬೇಕು. ‘ಅಜೋಲ್’ ಎಂದು ಮುಗಿಯುವ ಹೆಸರುಗಳು ಸಾಮಾನ್ಯವಾಗಿ ಶಿಲೀಂಧ್ರನಾಶಕಗಳು: ಕ್ಲೊಟ್ರಿಮಾಜೋಲ್, ಲುಲಿಕೊನಾಜೋಲ್. ‘ಸೋನ್’ ಎಂದು ಮುಗಿಯುವುವು ಬಹುಮಟ್ಟಿಗೆ ಸ್ಟೆರಾಯ್ಡುಗಳು: ಬೀಟಾಮೆಥಸೋನ್, ಮೊಮೆಟಸೋನ್. ಕ್ಲೊಬೆಟಸಾಲ್, ಹ್ಯಾಲೊಬೆಟಸಾಲ್ ಇವೂ ಅದೇ ಕುಲದವು, ಇನ್ನೂ ಪ್ರಬಲ. ಇವೆರಡು ಕುಲಗಳೂ ಒಂದೇ ಟ್ಯೂಬಿನಲ್ಲಿ ಕಂಡರೆ, ವೈದ್ಯರ ಚೀಟಿಯಿಲ್ಲದಿದ್ದರೆ, ಅದನ್ನು ಅಂಗಡಿಯವನ ಕೈಗೇ ಹಿಂದಿರುಗಿಸಿ ಅದರ ಜಾಗದಲ್ಲಿ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿಯನ್ನು ಕೇಳಬಹುದು. ಪೆಟ್ಟಿಗೆಯ ತೂಕದಲ್ಲಿ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ.